ಓಟಿಗೆಂದು ಹಿಡಿದ ಉಪವಾಸ

ಹೋದ ಸಲ ಮಳವಳ್ಳಿಗೆ ಹೋಗಿದ್ದಾಗ ಅಲ್ಲಿ ಚುನಾವಣೆಯ ಗದ್ದಲ. ನನ್ನ ತಮ್ಮನ ಮಗನ ಮನೆಯಿರುವ ಬೀದಿಯ ಕೊನೆಯಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ಶಾಮಿಯಾನ ಹಾಕಿಸಿ, ಬೆಳಗಾಗುತ್ತಲೇ ದೊಡ್ಡ ಬಾಣಲೆಯಿಟ್ಟು ಉಪ್ಪಿಟ್ಟು ಮಾಡಿಸುತ್ತಿದ್ದರು. ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬೀದಿಗೆಲ್ಲ ಹರಡಿತ್ತು. ಅಲ್ಲಿದ್ದವರೊಬ್ಬರು "ಬನ್ನಿ ಅಜ್ಜಿ, ಎರಡು ತುತ್ತು ತಿಂದ್ಕೊಂಡು ಹೋಗಿ" ಎಂದು ಕರೆದರು. ನಾನು ಬೇಡವೆಂದೆ. ಎಪ್ಪತ್ತು ದಾಟಿದ ಮುದುಕಿ, ಸಕ್ಕರೆ ಕಾಯಿಲೆಯೋ ಏನೋ ಅಂದುಕೊಂಡಿರಬೇಕು, ಒತ್ತಾಯ ಮಾಡಲಿಲ್ಲ. ನನಗೆ ಯಾವ ಕಾಯಿಲೆಯೂ ಇಲ್ಲ. ಆದರೆ ಓಟಿನ ದಿನಗಳಲ್ಲಿ ಆ ವಾಸನೆ ಬಂದರೆ ಒಂದು ಮುಂಗಾರು ನೆನಪಾಗುತ್ತದೆ, ಆ ಮುಂಗಾರಿನಲ್ಲಿ ನಮ್ಮಪ್ಪ ಏನು ಮಾಡಿದರು ಅನ್ನುವುದು ನೆನಪಾಗುತ್ತದೆ.

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮಂಡ್ಯ ಜಿಲ್ಲೆಯಾಗಿ ಕೆಲವೇ ವರ್ಷವಾಗಿತ್ತು. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ನಾಲ್ಕು ಹೊಲ ದಾಟಿದರೆ ನಮ್ಮ ದೊಡ್ಡಿ. ಮೂವತ್ತು ಮನೆ, ಎಲ್ಲ ಕ್ರೈಸ್ತರು. ಸುತ್ತಲಿನವರು ನಮ್ಮನ್ನು "ಸಿಲುಬೆ ದೊಡ್ಡಿಯೋರು" ಅನ್ನುತ್ತಿದ್ದರು. ಅದರಲ್ಲಿ ಕೊಂಕೇನೂ ಇರಲಿಲ್ಲ. ಅವರ ಹಾಗೆಯೇ ರಾಗಿ ಬೆಳೆಯುತ್ತಿದ್ದೆವು, ಅವರ ಹಾಗೆಯೇ ಮುದ್ದೆ ನುಂಗುತ್ತಿದ್ದೆವು, ಬೈಯುವುದರಲ್ಲಂತೂ ಅವರಿಗಿಂತ ಒಂದು ಕೈ ಮೇಲೇ ಇದ್ದೆವು. ಭಾನುವಾರವೊಂದೇ ಬೇರೆ.

ದೊಡ್ಡಿಯ ನಡುವೆ ನಾಡಹೆಂಚಿನ ಚರ್ಚು, ಅದರ ಪಕ್ಕದ ಎರಡಂಕಣದ ಮನೆಯಲ್ಲಿ ಸ್ವಾಮಿಯೋರು. ಸುತ್ತಲ ಹತ್ತು ಊರಿನ ಕ್ರೈಸ್ತರಿಗೆ ಅವರೊಬ್ಬರೇ ಪಾದ್ರಿಗಳಾದ್ದರಿಂದ ತಿಂಗಳ ಅರ್ಧದಷ್ಟು ದಿನ ಸೈಕಲ್ಲಿನ ಮೇಲೇ ಇರುತ್ತಿದ್ದರು. ಅವರಿಲ್ಲದಾಗ ಎಲ್ಲ ನೋಡಿಕೊಳ್ಳುತ್ತಿದ್ದವರು ನಮ್ಮಪ್ಪ, ಉಪದೇಶಿ ಅರುಳಪ್ಪ. ಗಂಟೆ ಬಾರಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸಾಯುವವರ ಪಕ್ಕದಲ್ಲಿ ಕೂತು ಜಪ ಹೇಳುವುದು, ಎಲ್ಲ ಅವರದೇ. ಮಳವಳ್ಳಿಯಲ್ಲಿ ಓದಿ ಬಂದು ಚರ್ಚಿನ ಜಗಲಿಯ ಮೇಲೆ ಶಾಲೆ ನಡೆಸುತ್ತಿದ್ದ ನಾನು ಅವರ ಒಬ್ಬಳೇ ಮಗಳು, ತೆರೇಸ. ನನಗಾಗ ಇಪ್ಪತ್ತು. ತಮ್ಮ ಮೈಸೂರಿನಲ್ಲಿ ಓದುತ್ತಿದ್ದ. ನನಗಿಂತ ಹೆಚ್ಚು ತಿಳಿದವರು ಆ ದೊಡ್ಡಿಯಲ್ಲಿ ಯಾರೂ ಇಲ್ಲ ಎಂದು ನಾನು ಪೂರ್ತಿ ನಂಬಿದ್ದೆ.

ಪರಮಪ್ರಸಾದ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಪೂಜೆಯಲ್ಲಿ ಸ್ವಾಮಿಯೋರು ಎತ್ತಿ ಹಿಡಿಯುವುದು ಗೋಧಿಹಿಟ್ಟಿನ ಒಂದು ತೆಳು ರೊಟ್ಟಿಬಿಲ್ಲೆ. ಕಣ್ಣಿಗೆ ಕಾಣುವುದು ಅಷ್ಟೇ. ನಮಗೆ ಅದು ಯೇಸುಸ್ವಾಮಿಯ ಶರೀರ. ಅದನ್ನು ಪೀಠದ ಮೇಲಿನ ಪೆಟ್ಟಿಗೆಯಲ್ಲಿಟ್ಟು ಮುಂದೆ ಒಂದು ಕೆಂಪು ದೀಪ ಉರಿಸುತ್ತಾರೆ. ಯುದ್ಧದ ಕಾಲ, ಸೀಮೆಎಣ್ಣೆ ಸೇರಿಗೂ ಪಾವಿಗೂ ಬಡಿದಾಟ. ಅಪ್ಪ ಹೊಲದ ಬದುವಿನ ತುಂಬ ಹರಳು ಹಾಕಿ, ಕುದಿಸಿ ಎಣ್ಣೆ ತೆಗೆದು, ಆ ದೀಪ ಒಂದು ದಿನವೂ ಆರದ ಹಾಗೆ ನೋಡಿಕೊಂಡರು. ಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಏನೂ ತಿನ್ನುವಂತಿರಲಿಲ್ಲ, ಒಂದು ಗುಟುಕು ನೀರೂ ಇಲ್ಲ. ಮೊದಲು ಸ್ವಾಮಿಯೋರ ಕಿವಿಗೆ ಪಾಪನಿವೇದನೆ ಮಾಡಿ, ಮನಸ್ಸು ತೊಳೆದುಕೊಂಡು, ಖಾಲಿ ಹೊಟ್ಟೆಯಲ್ಲಿ ಹೋಗಿ ಪೀಠದ ಮುಂದಿನ ಮರದ ಕಟಕಟೆಯ ಹತ್ತಿರ ಮೊಣಕಾಲೂರಬೇಕು. ಈಗಿನವರು ಕಾಫಿ ಕುಡಿದೇ ಹೋಗುತ್ತಾರೆ, ಚರ್ಚೇ ಒಪ್ಪಿದೆ. ನನಗೆ ಮಾತ್ರ ಇನ್ನೂ ಒಗ್ಗಿಲ್ಲ.

ಆ ಮುಂಗಾರಿಗೆ ಎರಡು ವರ್ಷ ಮೊದಲು ನಮ್ಮವ್ವ ವಾಂತಿಭೇದಿಯಾಗಿ ಸತ್ತಿದ್ದಳು. ದೊಡ್ಡಿಗೆ ಬಾವಿ ಇರಲಿಲ್ಲ, ದನ ಮೀಯುವ ಕಟ್ಟೆಯ ನೀರನ್ನೇ ಸೋಸಿ ಕುಡಿಯುತ್ತಿದ್ದೆವು. ಬಾವಿ ಮಂಜೂರಾಗಿತ್ತು. ಆದರೆ ಜಿಲ್ಲಾ ಬೋರ್ಡಿನಲ್ಲಿ ನಮ್ಮ ಕಡೆಯ ಸದಸ್ಯರಾಗಿದ್ದ ಮೇಲಿನಮನೆ ಯಜಮಾನರು ಅದನ್ನು ತಮ್ಮ ತೆಂಗಿನ ತೋಟದಲ್ಲಿ ತೆಗೆಸಿಕೊಂಡಿದ್ದರು. ಸುತ್ತ ಬೇಲಿ, ಬೇಲಿಗೊಂದು ಗೇಟು. ಕೇಳಿದರೆ "ನೀರು ಬಿದ್ದದ್ದು ಅಲ್ಲಿ, ನಾನೇನ್ ಮಾಡ್ಲಿ?" ಅಂದರು. ಅವ್ವನ ಜೊತೆ ಆ ವಾರ ಇನ್ನೂ ನಾಲ್ವರು ಸತ್ತರು. ದೊಡ್ಡಿಯ ಅಂಚಿನ ಅರ್ಧ ಎಕರೆ ಕಲ್ಲರೆಯಲ್ಲಿ, ಅಂದರೆ ನಮ್ಮ ಸಮಾಧಿ ಜಾಗದಲ್ಲಿ, ಐದು ಹೊಸ ಮರದ ಶಿಲುಬೆ ನೆಟ್ಟೆವು. ಪ್ರತಿ ಭಾನುವಾರ ಪೂಜೆ ಮುಗಿಸಿ ಅಪ್ಪ ಅಲ್ಲಿಗೆ ಹೋಗಿ ಒಂದು ಗಳಿಗೆ ಕೂತು ಬರುತ್ತಿದ್ದರು. ಏನು ಮಾತಾಡುತ್ತಿದ್ದರೋ, ನಾನು ಕೇಳಲಿಲ್ಲ.

ಮೊದಲ ಮಳೆಗೆ ಇನ್ನೂ ವಾರವಿದ್ದಾಗ ಯಜಮಾನರು ತಾವಾಗಿಯೇ ದೊಡ್ಡಿಗೆ ಬಂದರು. ಬೋರ್ಡಿನ ಚುನಾವಣೆ ಮತ್ತೆ ಬಂದಿತ್ತು. ಕಂದಾಯ ಕಟ್ಟುವವರಿಗಷ್ಟೇ ಓಟಿದ್ದ ಕಾಲ, ದೊಡ್ಡಿಯಲ್ಲಿ ಹದಿನೇಳು ಓಟಿದ್ದವು. ಎದುರಿಗೆ ನಿಂತಿದ್ದವರು ಮಳವಳ್ಳಿಯ ಒಬ್ಬ ವಕೀಲರು. ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಿದಾಗ ಆ ಗುಂಪಿನಲ್ಲಿದ್ದು ಜೈಲಿಗೆ ಹೋಗಿ ಬಂದವರು. ಅವರೇನು ದೊಡ್ಡಿಯ ಉದ್ಧಾರಕ್ಕೆ ಹುಟ್ಟಿದವರಲ್ಲ, ಒಂದೇ ಒಂದು ಸಲ ನಮ್ಮಲ್ಲಿಗೆ ಬಂದಿದ್ದರು, ಅದೂ ಸೈಕಲ್ ಪಂಕ್ಚರ್ ಆಗಿ. ಆದರೆ ಟೈರಿಗೆ ಗಾಳಿ ಹಾಕುವಷ್ಟು ಹೊತ್ತೂ ಬಾವಿಯ ವಿಷಯ ಕೇಳಿ ಬರೆದುಕೊಂಡು ಹೋಗಿದ್ದರು.

ಅವತ್ತು ನಾನು ಚರ್ಚಿನ ಒಳಗೆ ಕಸ ಹೊಡೆಯುತ್ತಿದ್ದೆ, ಅಪ್ಪ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಯಜಮಾನರು ಮೆಟ್ಟು ಹೊರಗೆ ಬಿಟ್ಟು ಒಳಗೆ ಬಂದು ನಿಂತರು.

"ಏನ್ಲಾ ಅರುಳ, ಎಂಗಿದ್ದೀಯೆ?"

"ಇವ್ನಿ ಬುದ್ಧಿ."

"ನಿಮ್ ಕಲ್ಲರೆ ಜಾಗ ಅದಲ್ಲ, ಅದು ನಮ್ಮ ತಾತ ಬಾಯ್ಮಾತಲ್ಲಿ ಬುಟ್ಟಿದ್ದು. ಕಾಗದ ಪತ್ರ ಏನೂ ಇಲ್ಲ. ನನ್ ಅಣ್ತಮ್ಮಗಳು ಅದನ್ನ ಉತ್ತು ಎಳ್ಳು ಆಕಾವಾ ಅಂತವ್ರೆ. ನಾನೇ ತಡ್ಕೊಂಡಿವ್ನಿ."

ಅಪ್ಪನ ಕೈಯಲ್ಲಿದ್ದ ಎಣ್ಣೆಯ ಮಿಳ್ಳೆ ಹಾಗೇ ನಿಂತಿತು. ಯಜಮಾನರು ಮುಂದುವರಿಸಿದರು. "ಹದಿನೇಳು ಓಟೂ ನಂಗೆ ಬರ್ಬೇಕು. ಓಟಿನ್ ದಿನ ಬೆಳಿಗ್ಗೆ ಎಲ್ಲಾರ್ನೂ ನಮ್ಮನೇಗೆ ಕರ್ಕೊಂಡ್ ಬಾ, ಊಟ ಮಾಡ್ಕೊಂಡು ಅಲ್ಲಿಂದ್ಲೇ ಓಗಾವಾ. ಗೆದ್ದ ತಿಂಗಳಲ್ಲಿ ಕಲ್ಲರೆಗೆ ಪತ್ರ ಮಾಡ್ಸಿ ಕೊಡ್ತೀನಿ. ನಿನ್ ಎಂಡ್ರುನೂ ಅಲ್ಲೇ ಮಲ್ಗವ್ಳಲ್ವಾ?" ಆಮೇಲೆ ಕೆಂಪು ದೀಪದ ಕಡೆ ಕೈ ತೋರಿಸಿ, "ನಿಮ್ ದೇವ್ರು ಇರೋದು ಅಲ್ಲೇ ತಾನೆ? ಅವನ ಮುಂದೆ ಯೋಳು" ಅಂದರು.

ಅಪ್ಪ ಪೀಠದ ಕಡೆ ತಿರುಗಿದರು. "ಹದಿನೇಳು ಓಟೂ ನಿಮಗೇ ಬುದ್ಧಿ" ಅಂದರು. ನಾನು ಕಸಬರಿಕೆ ಹಿಡಿದು ಅಲ್ಲೇ ಇದ್ದೆ, ಎಲ್ಲ ಕೇಳಿಸಿಕೊಂಡೆ.

ಮರುದಿನ ಭಾನುವಾರ. ಪ್ರಸಾದದ ಗಂಟೆಯಾದಾಗ ಮೊದಲು ಏಳುವವರು ಯಾವಾಗಲೂ ಅಪ್ಪ. ಆ ದಿನ ಏಳಲಿಲ್ಲ. ಹಿಂದಿನ ಕಂಬದ ಪಕ್ಕ ಮೊಣಕಾಲೂರಿ ತಲೆ ತಗ್ಗಿಸಿಕೊಂಡೇ ಇದ್ದರು. ಮೂವತ್ತು ಮನೆಯ ಚರ್ಚಿನಲ್ಲಿ ಯಾರು ಕಟಕಟೆಗೆ ಹೋದರು, ಯಾರು ಹೋಗಲಿಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಜನರು ನೋಡಿಯೂ ನೋಡದ ಹಾಗೆ ಇದ್ದರು. ಮುಂದಿನ ಭಾನುವಾರವೂ ಹಾಗೇ ಆಯಿತು.

ನಾನು ತಡೆಯಲಾರದೆ ಕೇಳಿದೆ, "ಯಾಕಪ್ಪ, ಪಾಪನಿವೇದನೆ ಮಾಡ್ಕೊಂಡು ಹೋಗಬಾರದಾ?"

"ಪಾಪ ಅಂತ ಯೋಳ್ಕೊಂಡ್ರೆ ಅದನ್ನ ಬುಡ್ಬೇಕು ಮಗ. ಬುಡಕ್ಕಾಯ್ತಿಲ್ಲ" ಅಂದರು. "ಇನ್ನೊಬ್ಬರ ಹದಿನಾರು ಓಟ ನಂದು ಅನ್ನಂಗೆ ಮಾರಿವ್ನಿ. ಅದೂ ದೇವ್ರ ಮುಂದೇನೇ ನಿಂತ್ಕೊಂಡು. ವಾಪಸ್ ತಗೊಂಡ್ರೆ ನಿಮ್ಮವ್ವನ ಮೇಲೆ ನೇಗ್ಲು ಓಯ್ತದೆ."

ಇಪ್ಪತ್ತು ವರ್ಷ ಬೇರೆಯವರನ್ನು ಪ್ರಸಾದಕ್ಕೆ ತಯಾರು ಮಾಡಿದ ಮನುಷ್ಯ ಹಸಿದವರ ಹಾಗೆ ಹಿಂದೆ ಕೂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅಪ್ಪ ಮತ್ತೆ ಕಟಕಟೆಗೆ ಹೋಗಬೇಕು, ಅವ್ವನ ಸಮಾಧಿಯೂ ಉಳಿಯಬೇಕು. ನನಗೆ ಎರಡೂ ಬೇಕಿತ್ತು.

ಅಷ್ಟರಲ್ಲಿ ಪರಮಪ್ರಸಾದದ ಹಬ್ಬ ಬಂತು. ಹಬ್ಬಕ್ಕೆ ಎರಡು ದಿನ ಮೊದಲು ಮಳೆ ಬಂದು ಹೊಲಗಳು ಹಸಿಯಾಗಿದ್ದವು, ಆರಂಬದ ಕೆಲಸ ಬಿಟ್ಟು ಎಲ್ಲರೂ ಬಂದಿದ್ದರು. ಸ್ವಾಮಿಯೋರು ಪ್ರಸಾದವನ್ನು ಹೊಳೆಯುವ ಪಾತ್ರೆಯಲ್ಲಿಟ್ಟು ಎತ್ತಿಕೊಂಡು ದೊಡ್ಡಿಯ ಮೂರು ಬೀದಿಗಳಲ್ಲಿ ನಡೆಯುವುದು, ಮೇಲೆ ನಾಲ್ವರು ಬಿಳಿ ಚಪ್ಪರ ಹಿಡಿಯುವುದು, ಹೆಂಗಸರು ಸೆರಗಿನಲ್ಲಿ ಹೂ ತಂದು ದಾರಿಗೆ ಚೆಲ್ಲುವುದು. ಚಪ್ಪರದ ಬಲಗಡೆಯ ಮುಂದಿನ ಕೋಲು ಪ್ರತಿ ವರ್ಷ ಅಪ್ಪನದು. ಆ ವರ್ಷ ಅಪ್ಪ ಅದನ್ನು ಇನ್ನಾಸಪ್ಪನ ಕೈಗೆ ಕೊಟ್ಟು ತಾವು ಕೊನೆಯಲ್ಲಿ ಕೆಸರು ತುಳಿದುಕೊಂಡು ಬಂದರು. ಇನ್ನಾಸಪ್ಪ ನಮ್ಮ ಪಕ್ಕದ ಹೊಲದವನು, ಎತ್ತಿನಂಥ ಆಳು. ಕೋಲು ಹಿಡಿಯುವಾಗ ಅವನ ಕಣ್ಣಲ್ಲಿ ನೀರಿತ್ತು.

ಅವತ್ತಿನ ಪ್ರಸಂಗದಲ್ಲಿ, ಅಂದರೆ ಪೂಜೆಯ ನಡುವಿನ ಬೋಧನೆಯಲ್ಲಿ, ಸ್ವಾಮಿಯೋರು ಚುನಾವಣೆಯ ಮಾತೆತ್ತಿದರು. ಮೈಸೂರಿನ ಕಡೆಯವರು, ಪುಸ್ತಕದ ಕನ್ನಡ. "ಯಾರಿಗೆ ಹಾಕಬೇಕೆಂದು ನಾನು ಹೇಳುವುದಿಲ್ಲ, ಹೇಳಲೂ ಬಾರದು. ಒಂದು ಮಾತು ಮಾತ್ರ ಹೇಳುತ್ತೇನೆ. ಪ್ರಸಾದವನ್ನು ಸ್ವೀಕರಿಸುವ ಮುನ್ನ ನಿಮ್ಮ ಆತ್ಮವನ್ನು ಹೇಗೆ ಶೋಧಿಸಿಕೊಳ್ಳುತ್ತೀರೋ ಹಾಗೆಯೇ ಓಟು ಹಾಕುವ ಮುನ್ನವೂ ಶೋಧಿಸಿಕೊಳ್ಳಿ. ನನ್ನ ಓಟಿನಿಂದ ಯಾರಿಗೆ ನೀರು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ಕೇಳಿಕೊಳ್ಳಿ. ಈ ಪೀಠದ ಮುಂದೆ ಒಂದೇ ರೊಟ್ಟಿ ಹಂಚಿಕೊಂಡು ಹೊರಗೆ ಹೋಗಿ ನೆರೆಯವನ ಬಾಯಿಗೆ ಮಣ್ಣು ಹಾಕಬೇಡಿ." ಅಪ್ಪನ ವಿಷಯ ಅವರಿಗೆ ಗೊತ್ತಿರಲಿಲ್ಲ. ಹಿಂದಿನ ಕಂಬದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಗುರುವಾರ ಸಂಜೆ ಚರ್ಚಿನಲ್ಲಿ ಪ್ರಸಾದದ ಆರಾಧನೆ ಇರುತ್ತಿತ್ತು. ಓಟಿಗೆ ಎರಡು ದಿನ ಉಳಿದಿದ್ದ ಆ ಗುರುವಾರ ಸ್ವಾಮಿಯೋರು ಊರಲ್ಲಿರಲಿಲ್ಲ, ಅಪ್ಪ ಎತ್ತು ಹುಡುಕಿಕೊಂಡು ಹೋಗಿದ್ದರು. ಜಪ ನಾನೇ ನಡೆಸಿದೆ. ಮುಗಿದ ಮೇಲೆ ಓಟಿದ್ದವರೆಲ್ಲ ನನ್ನನ್ನು ಸುತ್ತುವರಿದರು. ಇನ್ನಾಸಪ್ಪ ಕೇಳಿದ, "ಟೀಚ್ರಮ್ಮ, ಓಟಿಗೆ ಪ್ರಸಾದಕ್ಕೆ ಓಗಂಗೆ ಓಗ್ಬೇಕು ಅಂದ್ರಲ್ಲ ಸ್ವಾಮಿಯೋರು, ಅಂಗಂದ್ರೆ ಎಂಗೆ?"

"ಮನಸ್ಸು ಶುದ್ಧ ಮಾಡ್ಕೊಂಡು ಹೋಗಬೇಕು. ಪ್ರಸಾದಕ್ಕೆ ಹೋಗುವಾಗ ಏನೇನು ಮಾಡ್ತೀರೋ ಅದೆಲ್ಲ" ಅಂದೆ.

"ಉಪಾಸಾನೂವಾ?"

ಇಲ್ಲಿ ನಾನು "ಸ್ವಾಮಿಯೋರನ್ನೇ ಕೇಳಿ" ಅನ್ನಬಹುದಿತ್ತು. ಓದಿದವಳ ಜಂಬ ಬಿಡಬೇಕಲ್ಲ. ಸ್ವಲ್ಪ ಯೋಚಿಸಿದವಳ ಹಾಗೆ ಮುಖ ಮಾಡಿ, "ಹೌದು, ಉಪವಾಸ ಇದ್ದರೇ ಸರಿ" ಅಂದುಬಿಟ್ಟೆ. ಮದಲಮ್ಮ ದೊಡ್ಡವ್ವ, ಗಂಡ ಸತ್ತ ಮೇಲೆ ತಾನೇ ಕಂದಾಯ ಕಟ್ಟುತ್ತಿದ್ದುದರಿಂದ ದೊಡ್ಡಿಯಲ್ಲಿ ಓಟಿದ್ದ ಒಬ್ಬಳೇ ಹೆಂಗಸು, "ನೀರೂ ಕುಡಿಯಂಗಿಲ್ವೇನೆ ಅಮ್ಮಿ?" ಅಂದಳು. "ನೀರೂ ಇಲ್ಲ ದೊಡ್ಡವ್ವ" ಅಂದೆ. ಹೇಳಿ ಮರೆತೂಬಿಟ್ಟೆ. ಹೇಳುವವರಿಗೆ ಮರೆವು ಬೇಗ.

ಓಟಿನ ದಿನ ಬೆಳಿಗ್ಗೆ ಮೋಡವಿರಲಿಲ್ಲ, ಎಳೆಬಿಸಿಲೇ ಚುರುಕಾಗಿತ್ತು. ಅಪ್ಪ ಮುಂದೆ, ಹದಿನೈದು ಗಂಡಸರು ಹಿಂದೆ, ಅವರ ಹಿಂದೆ ಮದಲಮ್ಮನ ಕೈ ಹಿಡಿದುಕೊಂಡು ನಾನು. ಎಲ್ಲರೂ ಭಾನುವಾರದ ಬಿಳಿ ಪಂಚೆ ಉಟ್ಟಿದ್ದರು. ಅಪ್ಪ ಅದನ್ನು ಗಮನಿಸಿದರೋ ಇಲ್ಲವೋ, ಅವರು ನೆಲ ನೋಡಿಕೊಂಡೇ ನಡೆಯುತ್ತಿದ್ದರು.

ಮೇಲಿನಮನೆಯ ಹಜಾರದಲ್ಲಿ ಸಾಲಾಗಿ ಎಲೆ ಹಾಕಿದ್ದರು. ರೇಷನ್ನಿನ ಕಾಲದಲ್ಲಿ ಗೋಧಿ ರವೆ ಕಂಡು ಎಷ್ಟು ತಿಂಗಳಾಗಿತ್ತೋ. ತುಪ್ಪ ಸೋರುವ ಉಪ್ಪಿಟ್ಟು, ಅದರ ಪಕ್ಕ ಕೇಸರಿಬಾತು. ಸಕ್ಕರೆ ನೋಡಲೂ ಸಿಗದ ಕಾಲ ಅದು. ನಾನೂ ಮದಲಮ್ಮನೂ ಜಗಲಿಯಲ್ಲಿ ಕೂತೆವು, ನಮಗೂ ಎಲೆ ಬಂತು. ನಮ್ಮ ಕಡೆ ಒಂದು ಮಾತಿದೆ, ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ಆ ಮನೆಯಲ್ಲಿ ಒಂದು ತುತ್ತು ಬಾಯಿಗೆ ಹೋದರೆ ಓಟು ಎಲ್ಲಿ ಬೀಳುತ್ತದೆ ಅನ್ನುವುದು ಬಡಿಸಿದವರಿಗೂ ಗೊತ್ತಿತ್ತು, ಕೂತವರಿಗೂ ಗೊತ್ತಿತ್ತು. ಆಣೆ ಪ್ರಮಾಣ ಯಾವುದೂ ಬೇಕಿರಲಿಲ್ಲ.

ಯಜಮಾನರು "ಉಣ್ರಪ್ಪ" ಅಂದರು. ಅಪ್ಪ ಉಪ್ಪಿಟ್ಟು ಕಲಸಿ ಎರಡು ತುತ್ತು ತಿಂದರು. ಮೂರನೆಯದಕ್ಕೆ ಕೈ ಹಾಕಿ ಪಕ್ಕಕ್ಕೆ ನೋಡಿದರು. ಇನ್ನಾಸಪ್ಪ ಕೈ ಕಟ್ಟಿಕೊಂಡು ಕೂತಿದ್ದ. ಅವನ ಆಚೆಯವನೂ ಹಾಗೇ. ಸಾಲಿಗೆ ಸಾಲೇ ಎಲೆಯ ಮುಂದೆ ಕಣ್ಣು ತಗ್ಗಿಸಿ ಕೂತಿತ್ತು, ಒಬ್ಬರ ಕೈಯೂ ಎಲೆಗೆ ಹೋಗಿರಲಿಲ್ಲ. ಇಲ್ಲಿ ಜಗಲಿಯಲ್ಲಿ ಮದಲಮ್ಮ ತನ್ನ ಎಲೆಯನ್ನು ಮೆಲ್ಲಗೆ ದೂರ ತಳ್ಳಿದಳು.

"ಯಾಕ್ರಲಾ, ಯಾರೂ ಕೈ ಇಕ್ಕಿಲ್ಲ?" ಎಂದು ಯಜಮಾನರು ಕೇಳಿದರು.

ಇನ್ನಾಸಪ್ಪ ಗಂಟಲು ಸರಿಮಾಡಿಕೊಂಡ. "ನಾವು ಇವತ್ತು ಉಪಾಸ ಬುದ್ಧಿ."

"ಇವತ್ತೇನ್ಲಾ ಅಬ್ಬ?"

"ಅಬ್ಬ ಅಲ್ಲ ಬುದ್ಧಿ. ಓಟಾಕ್ಬೇಕಲ್ಲ. ಓಟಾಕೋಗಂಟ ನೀರೂ ಮುಟ್ಟಂಗಿಲ್ಲ. ಟೀಚ್ರಮ್ಮ ಯೋಳವ್ರೆ."

ಬಡಿಸುತ್ತಿದ್ದವರು ಗೊಳ್ಳೆಂದು ನಕ್ಕರು. ಯಜಮಾನರು ನಗಲಿಲ್ಲ. ಅವರು ಸಣ್ಣ ತಲೆಯವರಲ್ಲ, ಎಲೆಯ ಮೇಲೆ ಹಾಗೇ ಉಳಿದಿರುವುದು ಏನೆಂದು ಆ ಕ್ಷಣವೇ ತಿಳಿದುಕೊಂಡರು. ಜಗಲಿಯ ಕಡೆ ತಿರುಗಿ ನನ್ನನ್ನು ನೋಡಿದರು. ನನಗೆ ನನ್ನ ಮಾತು ನೆನಪಾದದ್ದು ಆಗಲೇ.

ಅಪ್ಪ ಎದ್ದರು. ಬಲಗೈಯಲ್ಲಿ ಇನ್ನೂ ಉಪ್ಪಿಟ್ಟು ಮೆತ್ತಿತ್ತು. ಯಜಮಾನರ ಮುಂದೆ ಹೋಗಿ ನಿಂತು ಹೇಳಿದರು, "ಬುದ್ಧಿ, ನಾನು ಉಂಡಿವ್ನಿ. ಮಾತೂ ಕೊಟ್ಟಿವ್ನಿ. ನನ್ನೋಟು ನಿಮಗೇ, ಅದರಲ್ಲಿ ಎರಡಿಲ್ಲ. ಇವರು ಉಂಡಿಲ್ಲ. ಇವರ ಮಾತ ನಾನು ಕೊಟ್ಟಿದ್ದು ತಪ್ಪು, ಅದು ನಂದಲ್ಲ ಕೊಡಕ್ಕೆ. ಅವರಿಗೆ ಎಲ್ಲಿ ಮನ್ಸು ಬತ್ತದೋ ಅಲ್ಲಿ ಆಕ್ತರೆ."

"ಕಲ್ಲರೆ?" ಅಂದರು ಯಜಮಾನರು. ಒಂದೇ ಮಾತು.

ನಾನು ಜಗಲಿಯಿಂದ ಎದ್ದು ನಿಂತಿದ್ದೆ. ಅಪ್ಪ ಸುಮ್ಮನಿರಲಿ, ಒಂದು ಸಲ ತಲೆಯಾಡಿಸಿ "ಉಣ್ರಪ್ಪ ಎಲ್ಲರೂ" ಎಂದು ಹೇಳಿಬಿಡಲಿ ಎಂದು ನಾನು ಬೇಡಿಕೊಂಡೆ, ದೇವರಾಣೆಗೂ ಬೇಡಿಕೊಂಡೆ. ಅವರು ಹೇಳಿದ್ದರೆ ದೊಡ್ಡಿಯವರು ಕೇಳುತ್ತಿದ್ದರು.

"ಜಾಗ ನಿಮ್ದು ಬುದ್ಧಿ" ಅಂದರು ಅಪ್ಪ.

ಬೆಳಕವಾಡಿಯಲ್ಲಿ ಓಟಿನ ಸಾಲು ಹನುಮಂತನ ಬಾಲ. ಹನ್ನೊಂದು ಗಂಟೆಯ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ಮದಲಮ್ಮ ನನ್ನ ತೋಳಿನ ಮೇಲೆ ಹಾಗೇ ಕುಸಿದಳು. ಯಾರೋ ಮಜ್ಜಿಗೆ ತಂದರು. ಅವಳು ಹಲ್ಲು ಕಚ್ಚಿಕೊಂಡಳು. "ಕುಡಿ ದೊಡ್ಡವ್ವ, ಪಾಪ ಬರೋದಿಲ್ಲ, ನಾನು ಹೇಳಿದ್ದೇ ತಪ್ಪು" ಎಂದು ನಾನು ಅತ್ತೆ. ಕಣ್ಣು ಬಿಟ್ಟು ನನ್ನನ್ನು ದುರುಗುಟ್ಟಿದಳು. "ಈಗ್ಯಾಕೆ ಯೋಳ್ತೀಯೆ? ಬೆಳಿಗ್ಗಿಂದ ಇದ್ದಿದ್ದೆಲ್ಲ ದಂಡ್ವಾ? ಸುಮ್ಕಿರು. ಇನ್ನು ನಾಕು ಜನ ಅವ್ರೆ ಮುಂದೆ." ಗೋಡೆ ಹಿಡಿದು ಒಳಗೆ ಹೋದಳು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಪೆಟ್ಟಿಗೆ ಇಟ್ಟಿದ್ದರು, ಪರದೆಯ ಹಿಂದೆ. ಅವಳು ಒಳಗೆ ಬಹಳ ಹೊತ್ತು ಇದ್ದಳು. ಹೊರಗೆ ಬಂದು ಮಜ್ಜಿಗೆಯ ಚೊಂಬನ್ನು ಎತ್ತಿ ಒಂದೇ ಉಸಿರಿಗೆ ಕುಡಿದಳು. ಯಾವ ಪೆಟ್ಟಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅಪ್ಪ ಕೊನೆಯಲ್ಲಿ ಹೋದರು. ಯಾವ ಪೆಟ್ಟಿಗೆಗೆ ಎಂದು ಅವರನ್ನು ಕೇಳಬೇಕಾಗಿರಲಿಲ್ಲ.

ದಾರಿಯುದ್ದಕ್ಕೂ ನಾನು ಜಗಳವಾಡಿದೆ. ಬಾವಿ ನುಂಗಿದವನಿಗೇ ಓಟು ಹಾಕಿದಿರಲ್ಲ, ಅವ್ವ ಸತ್ತದ್ದು ಯಾರಿಂದ, ಹಾಕಿಯೂ ಕಲ್ಲರೆ ಉಳಿಯುತ್ತದೆಯೇ, ಆ ಹದಿನಾರು ಓಟು ಬಿಟ್ಟುಕೊಟ್ಟು ನಿಮ್ಮದನ್ನು ಮಾತ್ರ ಅವನಿಗೆ ಕೊಟ್ಟಿರಲ್ಲ, ಇದು ಯಾವ ಲೆಕ್ಕ ಅಂದೆ. ಅಪ್ಪ ಒಂದೇ ಸಲ ನಿಂತು ಉತ್ತರ ಕೊಟ್ಟರು. "ಮಾತು ಕೊಟ್ಟಿದ್ದು ನಾನು. ಅದನ್ನ ತೀರ್ಸೋ ಬಾಧೆ ಅವರಿಗ್ಯಾಕೆ? ನಂದು ನಾನು ತೀರ್ಸಿವ್ನಿ." ಮಿಕ್ಕಂತೆ ನಾನು ಒಬ್ಬಳೇ ಕೂಗಾಡಿದೆ.

ಯಜಮಾನರೇ ಗೆದ್ದರು. ಸುತ್ತಲ ಊರುಗಳ ಎಲೆಗಳೆಲ್ಲ ಖಾಲಿಯಾಗಿದ್ದವು, ನಮ್ಮ ಹದಿನಾರರಿಂದ ಏನೂ ಆಗಲಿಲ್ಲ. ಗೆದ್ದ ಮೇಲೆ ಮರೆಯಬಹುದು ಅಂದುಕೊಂಡೆವು. ಅವರು ಮರೆಯಲಿಲ್ಲ. ಮತ್ತೊಂದು ಹದ ಮಳೆ ಬಿದ್ದ ಶನಿವಾರ ಬೆಳಿಗ್ಗೆ ಪೂರಿಗಾಲಿಯ ಕಡೆಯಿಂದ ನಾಲ್ಕು ನೇಗಿಲು ಬಂದವು.

ದೊಡ್ಡಿಯವರೆಲ್ಲ ಕಲ್ಲರೆಯ ಹತ್ತಿರ ಸೇರಿದರು. ಇನ್ನಾಸಪ್ಪ ಕುಡುಗೋಲು ತಂದಿದ್ದ. ನೇಗಿಲು ತಂದವರೂ ನಮ್ಮ ಹಾಗೆ ಬಡವರೇ, ಸಮಾಧಿಯ ಮೇಲೆ ಎತ್ತು ಹೊಡೆಯಲು ಅವರಿಗೂ ಕಾಲು ಬರಲಿಲ್ಲ, ಬದುವಿನಾಚೆಯೇ ನಿಂತಿದ್ದರು. ಅವರಲ್ಲಿ ಹಿರಿಯನೊಬ್ಬ "ನಮ್ಮ ಮೇಲೆ ಶಾಪ ಆಕ್ಬೇಡ್ರಪ್ಪ, ಕೂಲಿಗೆ ಬಂದೋರು ನಾವು" ಅಂದ. ಸ್ವಾಮಿಯೋರು ಮಂಡ್ಯಕ್ಕೆ ಹೋಗಿ ಅಧಿಕಾರಿಗಳನ್ನು ಕಂಡು ಬರುತ್ತೇನೆ ಎಂದು ಸೈಕಲ್ ಹತ್ತಿದ್ದರು. ಕಾಗದವಿಲ್ಲದ ಜಾಗ, ಅವರಿಗೆ ಅಲ್ಲಿ ಸಿಗುವ ಉತ್ತರ ನಮಗೆಲ್ಲ ಗೊತ್ತಿತ್ತು.

ಅಪ್ಪ ಇನ್ನಾಸಪ್ಪನ ಕೈಯಿಂದ ಕುಡುಗೋಲು ತೆಗೆದುಕೊಂಡು ಬೇಲಿಗೆ ಸಿಕ್ಕಿಸಿದರು. ಆಮೇಲೆ ಒಳಗೆ ಹೋಗಿ ಮೊದಲು ಅವ್ವನ ಶಿಲುಬೆಯ ಹತ್ತಿರ ಕೂತು, ಬುಡದ ಮಣ್ಣನ್ನು ಎರಡು ಕೈಯಲ್ಲಿ ತೋಡಿ, ಅದನ್ನು ಅಲುಗಾಡಿಸಿ ಕಿತ್ತರು. ಹೆಗಲ ಮೇಲಿಟ್ಟುಕೊಂಡು ತಂದು ಬದುವಿನ ಮೇಲೆ ಮಲಗಿಸಿದರು. ಹಿಂದಿನಿಂದ ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮವರ ಶಿಲುಬೆ ಕಿತ್ತು ತಂದರು. ಮದಲಮ್ಮ ತನ್ನ ಗಂಡನದನ್ನು ಸೆರಗಿನಲ್ಲಿ ಒರೆಸಿ ತಂದಳು. ನಾನು ಕದಲಲಿಲ್ಲ. ನೇಗಿಲುಗಳು ಒಳಗೆ ಇಳಿದವು, ಮಣ್ಣು ಮೆತ್ತಗಿತ್ತು, ಹೊತ್ತು ನೆತ್ತಿಗೆ ಬರುವ ಮೊದಲೇ ಅರ್ಧ ಎಕರೆ ಮುಗಿಯಿತು.

ಅಪ್ಪನ ಎದುರು ಹೋಗಿ ನಿಂತೆ. "ಈಗ ಸಮಾಧಾನ ಆಯ್ತಾ? ಅವ್ವನ ಗುರುತೂ ಉಳೀಲಿಲ್ಲ. ಯಾರಿಗೋಸ್ಕರ ಮಾಡಿದ್ರಿ ಇದನ್ನ?"

ಅಪ್ಪನ ಉಗುರಿನ ತುಂಬ ಮಣ್ಣು. "ನಿಮ್ಮವ್ವ ಮಣ್ಣಾಗವ್ಳೆ ಕಣವ್ವ" ಅಂದರು. "ನಾನಿನ್ನೂ ಆಗಿಲ್ಲ."

ಮರುದಿನ ಭಾನುವಾರ. ಪೂಜೆಗೆ ಮೊದಲು ಅಪ್ಪ ಸ್ವಾಮಿಯೋರು ಕೂರುವ ಪಾಪನಿವೇದನೆಯ ಜಾಲರಿಯ ಮುಂದೆ ಮೊಣಕಾಲೂರಿ ಬಹಳ ಹೊತ್ತು ಇದ್ದರು. ಎದ್ದು ಬಂದು ಜನರ ಕಡೆ ತಿರುಗಿ ಕೈ ಮುಗಿದು, "ನಿಮ್ ಓಟ ನಿಮ್ಮನ್ನ ಕೇಳ್ದೇನೆ ಒಬ್ಬರಿಗೆ ಬರ್ಕೊಟ್ಟಿದ್ದೆ. ದನ ಕೊಟ್ಟಂಗೆ ಕೊಟ್ಟಿದ್ದೆ. ಮಾಫ್ ಮಾಡ್ಬುಡಿ" ಅಂದರು. ಯಾರೋ ಹಿಂದಿನಿಂದ "ಬುಡಣ್ಣ" ಅಂದರು. ಅಷ್ಟರಲ್ಲಿ ಸ್ವಾಮಿಯೋರು ಪೀಠಕ್ಕೆ ಬಂದರು.

ಪ್ರಸಾದದ ಗಂಟೆಯಾಯಿತು. ಅಪ್ಪ ಮೊದಲು ಎದ್ದರು. ಒಂದೂವರೆ ತಿಂಗಳ ಮೇಲೆ ಅವರು ಕಟಕಟೆಯ ಕಡೆ ನಡೆಯುವುದನ್ನು ನೋಡಲು ನಾನು ಎಷ್ಟು ಕಾದಿದ್ದೆ. ಅವರ ಹಿಂದೆ ಇನ್ನಾಸಪ್ಪ ಎದ್ದ, ಮದಲಮ್ಮ ಕೋಲೂರಿಕೊಂಡು ಎದ್ದಳು, ಬೆಂಚುಗಳು ಒಂದೊಂದಾಗಿ ಖಾಲಿಯಾದವು. ನಾನು ಉಪವಾಸವಿದ್ದೆ, ಬಾಯಿಗೆ ನೀರೂ ಹಾಕಿರಲಿಲ್ಲ. ಆದರೆ ಯಜಮಾನರನ್ನೂ ಅಪ್ಪನನ್ನೂ ನೆನೆದರೆ ಎದೆ ಬೇಯುತ್ತಿತ್ತು, ಅಂಥ ಎದೆಯನ್ನು ಹೊತ್ತುಕೊಂಡು ಅಲ್ಲಿಗೆ ಹೋಗಬಾರದು ಎಂದು ನನಗೆ ಕಲಿಸಿದವರು ಅಪ್ಪನೇ. ಅವರು ನಾಲಗೆಯ ಮೇಲೆ ಪ್ರಸಾದ ಇಟ್ಟುಕೊಂಡು, ಕಣ್ಣು ಮುಚ್ಚಿ, ಕೈ ಜೋಡಿಸಿ ನನ್ನ ಪಕ್ಕದಿಂದಲೇ ಹಿಂದಕ್ಕೆ ಹೋದರು. ಇಡೀ ಚರ್ಚಿನಲ್ಲಿ ಆ ದಿನ ಏಳದೆ ಉಳಿದವಳು ನಾನೊಬ್ಬಳೇ.